ನಂಜಮ್ಮನ ಪಕ್ಕದ ಕುರ್ಚಿ

ಕೊಟ್ಟಿಗೆಹಾರ
ಶನಿವಾರ, 1 ಮಾರ್ಚ್ 2025

ಕಳಸದಲ್ಲಿರುವ ನನ್ನ ಯಜಮಾನರಿಗೆ,

ಅರುಣಾ ಮಾಡುವ ನಮಸ್ಕಾರ. ನಾನಿಲ್ಲಿ ಇದ್ದೇನೆ. ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಹೋಟೆಲಿನ ಕೆಲಸ ಮುಗಿಸಿ ಈಗಷ್ಟೇ ಬಂದು ಕೂತಿರುವ ನನಗೆ ಆ ಪದ ಬರೆಯಲು ಕೈ ಏಳುತ್ತಿಲ್ಲ. ಕಾಲು ಊದಿಕೊಂಡಿದೆ, ಅಷ್ಟೇ. ಬೇರೆ ಕಾಯಿಲೆ ಏನಿಲ್ಲ.

ಹೋದ ವಾರ ಪಂಕ್ಚರ್ ಅಂಗಡಿಯ ಬಾಲರಾಜ್ ಹೋಟೆಲಿಗೆ ಬಂದಿದ್ದ. ನೀರುದೋಸೆ ತಿಂದು, ಕೈ ತೊಳೆದು, ಹಿಂದಿನ ಬಾಗಿಲಿಗೆ ಬಂದು ನನ್ನನ್ನು ಕರೆದ. ಕಳಸದಲ್ಲಿ ಮರದ ಮಿಲ್ಲಿನ ಹತ್ತಿರ ನಿಮ್ಮನ್ನು ನೋಡಿದೆ ಎಂದ. ಗಡ್ಡ ಬೆಳ್ಳಗಾಗಿದೆ, ಸೊರಗಿದ್ದಾನೆ, ಆದರೆ ಕುಡಿಯುವುದಿಲ್ಲ ಎಂದ. ನೀವು ಯಾವತ್ತು ಕುಡಿಯುತ್ತಿದ್ದಿರಿ? ಅದನ್ನು ಯಾಕೆ ಹೇಳಿದನೋ. ಆಮೇಲೆ ಚಪ್ಪಲಿಯಲ್ಲಿ ನೆಲ ಕೆರೆಯುತ್ತಾ, "ಊರಿಗೆ ಬರಬಹುದಾ ಅಂತ ಹಾಲೇಶ ಕೇಳ್ದ ಮಾರಾಯ್ತಿ. ಅರುಣಾ ಹೂಂ ಅಂದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲೇ ಇರ್ತೀನಿ ಅಂದ" ಎಂದು ಹೇಳಿ ಹೊರಟ.

ನಿಮ್ಮ ಫೋನ್ ನಂಬರನ್ನೂ ಕೊಟ್ಟಿದ್ದಾನೆ. ಮೂರು ಸಲ ಒತ್ತಿ ಮೂರು ಸಲವೂ ಕಟ್ ಮಾಡಿದೆ. ಫೋನಿನಲ್ಲಾದರೆ ನಾನು ಅಳುತ್ತೇನೆ, ನೀವು ಸುಮ್ಮನಿರುತ್ತೀರಿ, ಅಲ್ಲಿಗೆ ಮುಗಿಯುತ್ತದೆ. ನಮ್ಮ ಸಂಸಾರದಲ್ಲಿ ಎಲ್ಲ ಮಾತುಕತೆಯೂ ಹಾಗೇ ಮುಗಿದದ್ದು. ಅದಕ್ಕೇ ಕಾಗದ. ನಿಮ್ಮ ಪ್ರಶ್ನೆಗೆ ಹೂಂ ಅಥವಾ ಊಹೂಂ ಅನ್ನುವ ಮೊದಲು ಚರ್ಚಿನ ಸೇಲಿನಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕು. ಓದಿದ ಮೇಲೆ ನನ್ನ ಮುಖ ನೋಡಬೇಕೆಂದು ನಿಮಗೇ ಅನ್ನಿಸುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಬರುತ್ತಿಲ್ಲ.

ನೀವು ಆರು ತಿಂಗಳ ಶಿಕ್ಷೆ ಮುಗಿಸಿ, ಮನೆಗೆ ಬಾರದೆ ಜೈಲಿನಿಂದ ನೇರ ಕಳಸದ ಬಸ್ಸು ಹತ್ತಿದ ಮೇಲೂ ನಾನು ಎಂಟು ತಿಂಗಳು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲೇ ಇದ್ದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ನಾನು ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಹೋದರೆ ಅಲ್ಲಿದ್ದ ಮಾತು ನಿಲ್ಲುತ್ತಿತ್ತು. ಕಾಫಿ ಹಣ್ಣು ಕೊಯ್ಯುವಾಗ ನನ್ನ ಎಡಬಲದ ಎರಡು ಸಾಲು ಖಾಲಿ. ಹಬ್ಬಕ್ಕೆ ಮನೆಮನೆಗೆ ಹೋಗುವ ಕಡುಬು ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು.

ಅವರದ್ದು ತಪ್ಪೆಂದು ಹೇಳುತ್ತಿಲ್ಲ. ನೀವು ಓಡಿಸುತ್ತಿದ್ದ ಎಸ್ಟೇಟಿನ ಪಿಕಪ್ಪಿನ ಹಿಂದೆ ಹತ್ತೊಂಬತ್ತು ಜನ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸಿನ ಕೆಳಗಿನ ತಿರುವಿನಲ್ಲಿ ಮಗುಚಿತು. ಐದು ಜನರ ಕೈಯೋ ಕಾಲೋ ಮುರಿಯಿತು, ಕೂಡಿಕೊಂಡಿತು. ನಮ್ಮ ಲೈನಿನ ನಂಜಮ್ಮನ ಮಗಳು ಸ್ವಾತಿಯ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಗ ಅವಳಿಗೆ ಹದಿನೆಂಟು. ಮುಂದಿನ ಸೀಟಿನಲ್ಲಿ ನಿಮ್ಮ ಪಕ್ಕ ಕೂತಿದ್ದ ನನಗೆ ಒಂದು ಗೀರೂ ಆಗಲಿಲ್ಲ. ಇದನ್ನು ಕಣ್ಣಾರೆ ಕಂಡ ಜನ ನನ್ನ ಜೊತೆ ನಗುತ್ತಾ ನೀರು ಹಿಡಿಯಬೇಕೆಂದರೆ ಹೇಗೆ?

ಒಂದು ದಿನ ಟ್ರಂಕು, ಹಾಸಿಗೆ, ಎರಡು ಪಾತ್ರೆ ಎತ್ತಿಕೊಂಡು ಕೊಟ್ಟಿಗೆಹಾರಕ್ಕೆ ಬಂದೆ. ಹೋಟೆಲಿನ ಹಿಂದೆ ಒಂದು ಕೋಣೆ. ಬೆಳಿಗ್ಗೆ ಐದಕ್ಕೆ ಎದ್ದು ನೀರುದೋಸೆಗೆ ಅಕ್ಕಿ ರುಬ್ಬುತ್ತೇನೆ. ಇಲ್ಲಿ ಎಲ್ಲರೂ ಬಸ್ಸು ಇಳಿದು ತಿಂದು ಬಸ್ಸು ಹತ್ತಿ ಘಾಟಿ ಇಳಿಯುವವರು. ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ. ಅದೇ ಬೇಕಾಗಿತ್ತು ನನಗೆ. ಎರಡು ವರ್ಷ ಹಾಗೆ ಕಳೆಯಿತು. ದಿನಕ್ಕೆ ಹತ್ತು ಮಾತು ಆಡಿದ್ದರೆ ಹೆಚ್ಚು, ಅದರಲ್ಲಿ ಎಂಟು ಚಟ್ನಿಯ ವಿಷಯ.

ಕಳೆದ ಮಳೆಗಾಲದಲ್ಲಿ ಜ್ವರ ಬಂತು. ನಾಲ್ಕನೇ ದಿನ ಹೋಟೆಲಿನವರು ಬಣಕಲ್ ಕಡೆಯ ಚರ್ಚಿನ ಸಿಸ್ಟರುಗಳ ದವಾಖಾನೆಗೆ ಹೇಳಿಕಳಿಸಿದರು. ಬಂದವರು ಸಿಸ್ಟರ್ ಐರಿನ್. ಮಂಗಳೂರು ಕಡೆಯವರು, ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಇಂಜೆಕ್ಷನ್ ಕೊಟ್ಟು ಹೋಗಬಹುದಿತ್ತು. ಗಂಜಿ ಮಾಡಿಟ್ಟು, ನನ್ನ ಒದ್ದೆ ಬಟ್ಟೆ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಹೋದರು. ಬೇರೊಬ್ಬರು ನನ್ನ ಬಟ್ಟೆ ಮುಟ್ಟಿ ಎಷ್ಟು ಕಾಲವಾಗಿತ್ತೆಂದು ಆಗ ಲೆಕ್ಕ ಹಾಕಿ, ಲೆಕ್ಕ ಸಿಗದೆ ಬಿಟ್ಟುಬಿಟ್ಟೆ.

ಅದೇ ಮಳೆಯಲ್ಲಿ ದವಾಖಾನೆಯ ಚಾವಣಿಯ ಶೀಟು ಗಾಳಿಗೆ ಹಾರಿಹೋಗಿತ್ತು. ಮಾಡು ಹೊದೆಸಲು ಫೆಬ್ರವರಿಯಲ್ಲಿ ಚರ್ಚಿನ ಅಂಗಳದಲ್ಲಿ ಸೇಲ್ ಇಡುತ್ತೇವೆ, ಕೆಲಸಕ್ಕೆ ಜನ ಬೇಕು, ನೀವು ಬನ್ನಿ ಎಂದರು ಸಿಸ್ಟರ್. ನಾನು ಚರ್ಚಿನವಳಲ್ಲವಲ್ಲ ಎಂದೆ.

"ಔಷಧಿ ಕೊಡುವಾಗ ನಾನು ಕೇಳಿದ್ದೇನಾ, ನೀವು ಎಲ್ಲಿಯವರು ಅಂತ? ಈಗ ನೀವು ಯಾಕೆ ಹೇಳುತ್ತೀರಿ?" ಎಂದರು. ಅವರ ಕನ್ನಡ ಪುಸ್ತಕ ಓದಿದ ಹಾಗಿರುತ್ತದೆ. ಎದುರು ಮಾತಾಡಲು ಆಗುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಶಕ್ತಿ ಇರಲಿಲ್ಲ. ಭಾನುವಾರ ಒಂದು ದಿನ ಮಧ್ಯಾಹ್ನದ ಮೇಲೆ ರಜೆ, ಆವತ್ತೂ ನಿಲ್ಲಬೇಕೇ ಎಂದುಕೊಂಡೆ. ಆದರೂ ಹೂಂ ಅಂದೆ. ಗಂಜಿಯ ಋಣ ಎಂದುಕೊಳ್ಳಿ. ಹೋಟೆಲಿನಲ್ಲಿ ಎರಡು ದಿನ ರಜೆ ಕೇಳಿದೆ.

ಬರಿಗೈಯಲ್ಲಿ ಹೋಗಬಾರದೆಂದು ಟ್ರಂಕು ತೆಗೆದೆ. ಅದರಲ್ಲಿ ನಿಮ್ಮ ಬಟ್ಟೆ ಬಿಟ್ಟರೆ ಕೊಡುವಂಥದ್ದು ಏನೂ ಇರಲಿಲ್ಲ. ನಾಲ್ಕು ಪ್ಯಾಂಟು, ಆರು ಶರ್ಟು, ಚಳಿಗಾಲದ ಸ್ವೆಟರ್, ಡ್ರೈವರ್ ಕೆಲಸದ ಖಾಕಿ ಅಂಗಿ. ಎಲ್ಲವನ್ನೂ ಒಗೆದು, ಮಡಿಸಿ, ಒಂದು ಚೀಲದಲ್ಲಿ ತುಂಬಿದೆ. ಬೇಸರ ಮಾಡಿಕೊಳ್ಳಬೇಡಿ. ಬೇಸರ ಮಾಡಿಕೊಂಡರೂ ಸರಿ, ಅವು ಈಗ ಇಲ್ಲ.

ಸೇಲಿನ ಹಿಂದಿನ ದಿನ, ಶನಿವಾರ, ಸಾಮಾನು ವಿಂಗಡಿಸುವ ಕೆಲಸ. ಚರ್ಚಿನ ಪಕ್ಕದ ಹಾಲಿನಲ್ಲಿ ಮೂವತ್ತು ಹೆಂಗಸರಿದ್ದರು. ಪ್ಲಾಂಟರುಗಳ ಮನೆಯಿಂದ ಆಂತೂರಿಯಂ ಗಿಡ, ಕಾಳುಮೆಣಸು, ಜೇನು ಬಂದಿತ್ತು. ಬಣಕಲ್‌ನ ಅಂಗಡಿ ಬಸವರಾಜಪ್ಪನವರ ಮನೆಯ ಸರೋಜಮ್ಮ ಅರವತ್ತು ಸ್ಟೀಲ್ ಡಬ್ಬಿ ಕೊಟ್ಟು, ತಾವೇ ಸೆರಗು ಕಟ್ಟಿ ಅವುಗಳ ಧೂಳು ಒರೆಸುತ್ತಾ ಕೂತಿದ್ದರು. ಸೀಟಿ ಇಲ್ಲದ ಕುಕ್ಕರ್ ಒಂದಿತ್ತು. ಅದನ್ನು ಯಾರು ತಂದದ್ದು ಎಂದು ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಸಿಸ್ಟರ್ ನನ್ನ ಕೈ ಹಿಡಿದು ಹಳೆ ಬಟ್ಟೆಯ ಮೇಜಿಗೆ ಕರೆದುಕೊಂಡು ಹೋದರು. ಎರಡು ಕುರ್ಚಿ. ಒಂದರಲ್ಲಿ ನಂಜಮ್ಮ ಕೂತಿದ್ದರು.

ಸ್ವಾತಿಯ ಕಾಲಿಗೆ ವ್ಯಾಯಾಮ ಮಾಡಿಸಿದ್ದು ಅದೇ ದವಾಖಾನೆಯಲ್ಲಿ. ಆ ಋಣಕ್ಕೆ ಅವರು ಬಂದಿದ್ದರು. ಸಿಸ್ಟರಿಗೆ ನಮ್ಮ ಕಥೆ ಗೊತ್ತಿರಲಿಲ್ಲ. "ಇವರು ಅರುಣಾ, ಬಹಳ ಒಳ್ಳೆಯವರು, ನಿಮಗೆ ಜೊತೆಯಾಗುತ್ತಾರೆ" ಎಂದು ನಗುತ್ತಾ ಹೇಳಿ ಬೇರೆ ಮೇಜಿಗೆ ಓಡಿದರು. ಹಾಲಿನಲ್ಲಿದ್ದ ಎಸ್ಟೇಟಿನ ಹೆಂಗಸರೆಲ್ಲ ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದರು. ಆ ಮೌನ ನನಗೆ ಪರಿಚಯವಿದ್ದದ್ದೇ. ನಲ್ಲಿಯ ಹತ್ತಿರದ ಮೌನ. ಹಿಂದಕ್ಕೆ ಹೋಗಿಬಿಡೋಣ ಎಂದುಕೊಂಡೆ. ಆದರೆ ಕೊಟ್ಟಿಗೆಹಾರಕ್ಕೆ ಬಸ್ಸು ಇನ್ನೂ ಒಂದೂವರೆ ಗಂಟೆ ಇರಲಿಲ್ಲ, ರಸ್ತೆಯಲ್ಲಿ ನಿಲ್ಲಲು ಕಾಲಿನಲ್ಲಿ ಬಲವಿರಲಿಲ್ಲ. ಕೂತೆ. ಧೈರ್ಯದಿಂದ ಕೂತದ್ದಲ್ಲ, ಸುಸ್ತಾಗಿ ಕೂತದ್ದು.

ಒಂದು ಗಂಟೆ ಇಬ್ಬರೂ ಬಟ್ಟೆಯ ರಾಶಿಯನ್ನೇ ನೋಡುತ್ತಾ ಕೂತೆವು. ಅವರು ಮಡಿಸಿದ್ದಕ್ಕೆ ನಾನು ಬೆಲೆಯ ಚೀಟಿ ಚುಚ್ಚುತ್ತಿದ್ದೆ. ಸೀರೆ, ಫ್ರಾಕು, ಯಾರದೋ ಮದುವೆಯ ಕೋಟು. ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಅವರು ಕೈ ಚಾಚಿದಾಗ ನಾನು ಪಿನ್ನು ಕೊಡುತ್ತಿದ್ದೆ, ನಾನು ಹುಡುಕಿದಾಗ ಅವರು ಕತ್ತರಿ ತಳ್ಳುತ್ತಿದ್ದರು. ಮುಖ ನೋಡುತ್ತಿರಲಿಲ್ಲ.

ಆಮೇಲೆ ಅವರು ನನ್ನ ಚೀಲ ಬಿಚ್ಚಿದರು. ತಡೆಯಬೇಕೆಂದು ನನಗೆ ಹೊಳೆಯುವುದರೊಳಗೆ ಖಾಕಿ ಅಂಗಿ ಅವರ ಕೈಯಲ್ಲಿತ್ತು. ಎರಡು ತೋಳು ಹಿಡಿದು ಎತ್ತಿ ನೋಡಿದರು.

"ಇದು ಅವನದ್ದಾ?"

ನಾಲ್ಕು ವರ್ಷದಲ್ಲಿ ನಂಜಮ್ಮ ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಹೂಂ ಎಂದೆ. ಅದನ್ನು ನನ್ನ ಮುಖಕ್ಕೆ ಎಸೆಯುತ್ತಾರೆ, ಅಥವಾ ಅಲ್ಲೇ ಅಳುತ್ತಾರೆ ಎಂದು ಕಾದೆ. ಅವರು ಕಾಲರ್ ತಿರುಗಿಸಿ ನೋಡಿದರು. ಕಂಕುಳ ಹೊಲಿಗೆ ಎಳೆದು ನೋಡಿದರು. ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದರು.

"ಗುಂಡಿ ಎಲ್ಲ ಸರಿಯಾಗಿದಾವೆ. ನಲವತ್ತು ಹಾಕು" ಎಂದರು.

ಚೀಟಿಯಲ್ಲಿ ನಲವತ್ತು ಎಂದು ಬರೆದು ಕಾಲರಿಗೆ ಚುಚ್ಚಿದೆ.

ಭಾನುವಾರ ಪೂಜೆ ಮುಗಿದ ಕೂಡಲೇ ಜನ ನುಗ್ಗಿದರು. ಇಷ್ಟು ಜನ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಫಾದರ್ ಒಂದು ಸಿಹಿಕುಂಬಳವನ್ನು ಹೆಗಲ ಮೇಲಿಟ್ಟುಕೊಂಡು ಏಲಂ ಕೂಗುತ್ತಿದ್ದರು. ಬಸವರಾಜಪ್ಪನವರು ಒಬ್ಬ ಪ್ಲಾಂಟರ್ ಜೊತೆ ಜಿದ್ದಿಗೆ ಬಿದ್ದು ಅದನ್ನು ಗೆದ್ದರು, ಗೆದ್ದ ಮೇಲೆ ಹೆಂಡತಿಯ ಮುಖ ನೋಡಿ ಅದನ್ನು ಅಡುಗೆಯವರಿಗೇ ದಾನ ಕೊಟ್ಟರು. ಆ ಕುಂಬಳವೇ ಮಧ್ಯಾಹ್ನದ ಸಾಂಬಾರಾಯಿತು.

ನಮ್ಮ ಮೇಜಿಗೆ ಬಂದವರಲ್ಲಿ ಹೆಚ್ಚಿನವರು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದಿರುವವರು. ಒಬ್ಬ ಗಂಡ ಹೆಂಡತಿ ಖಾಕಿ ಅಂಗಿ ಎತ್ತಿಕೊಂಡರು. ಅವನು ಮೂವತ್ತು ಎಂದು ಬೆರಳು ತೋರಿಸಿದ. ನಾನಾಗಿದ್ದರೆ ಸುಮ್ಮನೆ ಕೊಟ್ಟುಬಿಡುತ್ತಿದ್ದೆ. ನಂಜಮ್ಮ ಎದ್ದು ನಿಂತು, "ಚಾಲೀಸ್, ಚಾಲೀಸ್! ಗಟ್ಟಿ ಬಟ್ಟೆ ಮಾರಾಯ, ಎಳೆದು ನೋಡು" ಎಂದು ಅಂಗಿಯ ಅಂಚನ್ನು ಅವನ ಕೈಗೇ ಕೊಟ್ಟು ಎಳೆಸಿದರು. ಅವನಿಗೆ ಕನ್ನಡ ಅರ್ಥವಾಗಲಿಲ್ಲ, ಬಟ್ಟೆ ಅರ್ಥವಾಯಿತು. ನಲವತ್ತು ಕೊಟ್ಟು ಅಲ್ಲೇ ಹಾಕಿಕೊಂಡ. ನಿಮ್ಮ ಬೆನ್ನು ಚರ್ಚಿನ ಗೇಟು ದಾಟಿ ರಸ್ತೆಗೆ ಇಳಿದು ಹೋಗುವುದನ್ನು ನಾವಿಬ್ಬರೂ ನೋಡಿದೆವು. ಅದಾದ ಮೇಲೆ ನಂಜಮ್ಮ ತಮ್ಮ ನೀರಿನ ಬಾಟಲಿಯನ್ನು ಮೇಜಿನ ಮಧ್ಯಕ್ಕೆ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಎಸ್ಟೇಟಿನ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಮೇಜಿಗೆ ಬರತೊಡಗಿದರು. ಬಟ್ಟೆ ನೋಡುವ ನೆಪ. ನಂಜಮ್ಮನ ಪಕ್ಕ ನಾನು ಕೂತಿರುವುದನ್ನು ನಂಜಮ್ಮನೇ ಸಹಿಸಿದ್ದಾರೆ ಅಂದಮೇಲೆ ತಮ್ಮದೇನು ಎಂಬಂತೆ. "ಸೊರಗಿದ್ಯಲ್ಲೇ ಅರುಣಾ" ಎಂದಳು ಒಬ್ಬಳು. ಲೈನಿನ ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಬೆನ್ನು ತಿರುಗಿಸುತ್ತಿದ್ದವಳು. ಇನ್ನೊಬ್ಬಳು ಬಾಳೆಲೆಯ ತುಂಡಿನಲ್ಲಿ ಕಡುಬು ತಂದಿಟ್ಟಳು. ನಗು ಬಂತು, ಸಿಟ್ಟೂ ಬಂತು. ಇಷ್ಟು ಸುಲಭವಿತ್ತೇ ಇದು? ಇಷ್ಟಕ್ಕೆ ನಾನು ಅಷ್ಟು ವರ್ಷ ಬಾಯಿ ಹೊಲಿದುಕೊಂಡು ಅಕ್ಕಿ ರುಬ್ಬಿದೆನೇ?

ಊಟದ ಟೋಕನ್ ಕೊಡುತ್ತಿದ್ದವಳು ಸ್ವಾತಿ. ಅವಳನ್ನು ನಾನು ಬೆಳಿಗ್ಗೆಯೇ ನೋಡಿ ತಲೆ ತಗ್ಗಿಸಿದ್ದೆ. ಈಗ ಅವಳಿಗೆ ಇಪ್ಪತ್ತೆರಡು. ಜೈಪುರ ಕಾಲು ಹಾಕಿಕೊಂಡಿದ್ದಾಳೆ, ಒಂದು ಕೋಲು ಹಿಡಿಯುತ್ತಾಳೆ. ಮೂಡಿಗೆರೆಯಲ್ಲಿ ಕಂಪ್ಯೂಟರ್ ಕಲಿತು ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಸಹಾಯಕಿಯಾಗಿದ್ದಾಳಂತೆ. ಅವಳು ಮೇಜುಗಳ ನಡುವೆ ಜಾಗ ಮಾಡಿಕೊಳ್ಳುತ್ತಾ ನೇರ ನಮ್ಮ ಹತ್ತಿರ ಬಂದಳು. ತಾಯಿಗೆ ಒಂದು ಟೋಕನ್ ಕೊಟ್ಟಳು. ನನಗೊಂದು ಕೊಟ್ಟಳು.

"ಅರುಣಕ್ಕ, ಊಟ ಮಾಡಿ. ಹಾಲೇಶಣ್ಣ ಚೆನ್ನಾಗಿದ್ದಾರಾ?" ಎಂದಳು.

ಬೇರೆ ಯಾರಾದರೂ ಕೇಳಿದ್ದರೆ ಉತ್ತರ ಹೇಳುತ್ತಿದ್ದೆ. ಅವಳು ಕೇಳಿದಳು. ಗೊತ್ತಿಲ್ಲ ಮಗಾ ಎಂದೆ.

ಈಗ ಬರೆಯಬೇಕಾದ್ದು ಇದು. ಈ ಜಾಗಕ್ಕೆ ಬಂದು ಎರಡು ಸಲ ಕಾಗದ ಹರಿದು ಹಾಕಿದ್ದೇನೆ.

ಸಂಜೆ ಐದಕ್ಕೆ ಎಲ್ಲ ಮುಗಿಯಿತು. ಮಾಡಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬಂದಿದೆ ಎಂದು ಸಿಸ್ಟರ್ ಕುಣಿಯುತ್ತಿದ್ದರು. ಚರ್ಚಿನ ಹಿಂದಿನ ನಲ್ಲಿಯಲ್ಲಿ ನಂಜಮ್ಮ ಮತ್ತು ನಾನು ಸಾಂಬಾರಿನ ದೊಡ್ಡ ಪಾತ್ರೆ ತಿಕ್ಕುತ್ತಿದ್ದೆವು. ನಂಜಮ್ಮ ತಾವಾಗಿಯೇ ಮಾತು ತೆಗೆದರು. ಲೈನಿನ ಮನೆ ಬಿಟ್ಟು ಹೋಗುವಾಗ ನೀನು ಯಾರಿಗೂ ಹೇಳಲಿಲ್ಲ, ನಾನು ಬಾಗಿಲ ಸಂದಿಯಿಂದ ನೋಡಿದೆ, ಕರೆಯಬೇಕು ಅನ್ನಿಸಿತ್ತು, ಕರೆಯಲಿಲ್ಲ ಎಂದರು. ಆಮೇಲೆ, "ನಿನ್ನ ಮೇಲೆ ನಂಗೇನೂ ಇಲ್ಲ ಅರುಣಾ. ನೀನೇನು ಮಾಡ್ತೀಯ, ಗಾಡಿ ಓಡ್ಸಿದ್ದು ಅವ್ನು" ಎಂದರು.

ಅಲ್ಲಿಗೆ ಬಿಡಬಹುದಿತ್ತು. ಎರಡು ದಿನ ಆ ಕುರ್ಚಿಯಲ್ಲಿ ಕೂತು ಸಿಕ್ಕಿದ ಎಲ್ಲವೂ ನನಗೇ ಉಳಿಯುತ್ತಿತ್ತು. ಕಡುಬು, ಸೊರಗಿದ್ಯಲ್ಲೇ ಎನ್ನುವ ಮಾತು, ಮೇಜಿನ ಮಧ್ಯದ ನೀರು. ಆದರೆ ಅವರು ಆ ಮಾತು ಆಡಿದ ಮೇಲೆ ನನ್ನ ಕೈ ಪಾತ್ರೆಯ ಮೇಲೆ ನಿಂತೇಹೋಯಿತು. ಹೊತ್ತು ಹೊತ್ತು ಸಾಕಾಗಿತ್ತು ನನಗೆ. ಅಷ್ಟೇ, ಬೇರೆ ದೊಡ್ಡ ಕಾರಣವಿಲ್ಲ.

ಹೇಳಿಬಿಟ್ಟೆ. ಆವತ್ತು ಕೆಲಸದವರನ್ನು ಲೈನಿಗೆ ಬಿಡಲು ನೀವು ಎರಡು ಟ್ರಿಪ್ ಮಾಡುತ್ತೇನೆ ಎಂದದ್ದು. ಎಸ್ಟೇಟಿನ ಆ ರಸ್ತೆಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹಾಕುವುದಿಲ್ಲ ಎಂದದ್ದು. ಗೋಣಿಬೀಡಿನಲ್ಲಿ ನನ್ನ ತಂಗಿಯ ಮಗುವಿನ ನಾಮಕರಣ ಇತ್ತೆಂದು, ಎರಡು ಟ್ರಿಪ್ ಮಾಡುತ್ತಾ ಕೂತರೆ ಕೊನೇ ಬಸ್ಸು ಹೋಗುತ್ತದೆಂದು ನಾನು ಜಗಳ ತೆಗೆದದ್ದು. ನಿಮಗೆ ನನ್ನ ತವರಿನವರೆಂದರೆ ಅಷ್ಟಕ್ಕಷ್ಟೇ ಎಂದು ಕ್ಯಾಬಿನ್ನಿನಲ್ಲೇ ಕೂತು ಚುಚ್ಚಿದ್ದು. ನೀವು ಇಳಿದು ಹಿಂದಿನ ಬಾಗಿಲು ತೆಗೆದು, ಹತ್ತಿ ಎಲ್ಲರೂ ಎಂದದ್ದು.

ಪೊಲೀಸ್ ಸ್ಟೇಷನ್ನಿನ ವಿಷಯವನ್ನೂ ಹೇಳಿದೆ. ಎರಡು ಟ್ರಿಪ್ ಮಾಡೋಕೆ ನಿನಗೇನಾಗಿತ್ತು ಎಂದು ಪೊಲೀಸರು ಕೇಳಿದಾಗ, ನನಗೆ ಅವಸರ ಇತ್ತು ಸಾರ್ ಎಂದಿರಿ ನೀವು. ನನಗೆ ಎಂದಿರಿ. ನಾನು ಎರಡು ಮಾರು ದೂರದಲ್ಲಿ ಮಗುವಿನ ಉಣ್ಣೆ ಟೊಪ್ಪಿ ಇದ್ದ ಚೀಲ ಹಿಡಿದು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಜಾಮೀನಿನ ಮೇಲೆ ನೀವು ಮನೆಯಲ್ಲಿದ್ದ ಅಷ್ಟೂ ದಿನ ತೆರೆಯಲಿಲ್ಲ. ಕೋರ್ಟಿನಲ್ಲಿ ತೆರೆಯಲಿಲ್ಲ. ನೀವು ಯಾವತ್ತೂ ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೋ ಏನೋ. ನೀವು ಜೈಲಿನಿಂದ ಮನೆಗೆ ಬಾರದೆ ಹೋದಾಗ ಎಲ್ಲರೂ ನಾಚಿಕೆಯಿಂದ ಎಂದರು. ನನಗೆ ಮಾತ್ರ ಗೊತ್ತಿತ್ತು, ದಿನಾ ಬೆಳಿಗ್ಗೆ ಎದ್ದು ನನ್ನ ಮುಖ ನೋಡುವುದು ನಿಮ್ಮಿಂದ ಆಗುತ್ತಿರಲಿಲ್ಲ.

ನಂಜಮ್ಮ ಪೂರ್ತಿ ಕೇಳಿದರು. ಕೈಯಲ್ಲಿದ್ದ ತೆಂಗಿನ ನಾರನ್ನು ಕಲ್ಲಿನ ಮೇಲಿಟ್ಟರು. ಕೈ ತೊಳೆದರು, ಸೆರಗಿನಲ್ಲಿ ಒರೆಸಿಕೊಂಡರು. ನನ್ನ ಕಡೆ ತಿರುಗಲೇ ಇಲ್ಲ. ಹಾಗೇ ನಡೆದು ಹೋಗಿ, ಮಗಳನ್ನು ಕರೆದುಕೊಂಡು ಬಸ್ಸಿಗೆ ನಿಂತರು. ನಾನು ಅರ್ಧ ತಿಕ್ಕಿದ ಪಾತ್ರೆ ಪೂರ್ತಿ ತಿಕ್ಕಿ, ಬೋರಲು ಹಾಕಿ, ಮುಂದಿನ ಬಸ್ಸಿಗೆ ಬಂದೆ.

ಆಮೇಲಿನ ಹತ್ತು ದಿನ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ಊರು ತುಂಬಿದ್ದರು. ಹೋಟೆಲಿನಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಪುಣ್ಯ. ಬಿಡುವಿದ್ದಿದ್ದರೆ ಕಷ್ಟವಾಗುತ್ತಿತ್ತು. ಮತ್ತೆ ಎಲ್ಲ ಹೋಯಿತು, ಈ ಸಲ ನನ್ನ ಕೈಯಾರೆ ಕಳೆದೆ ಎಂದುಕೊಂಡಿದ್ದೆ.

ಶಿವರಾತ್ರಿಯ ಮಾರನೇ ದಿನ, ಮೊನ್ನೆ ಗುರುವಾರ, ಮಧ್ಯಾಹ್ನ ಮೂರಕ್ಕೆ ನಂಜಮ್ಮ ಬಂದರು. ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ಕೂತರು. ದೋಸೆ ತಂದುಕೊಟ್ಟೆ, ಮುಟ್ಟಲಿಲ್ಲ. ಬಹಳ ಹೊತ್ತು ಘಾಟಿಯ ಕಡೆ ಹೋಗುವ ಲಾರಿಗಳನ್ನು ನೋಡುತ್ತಿದ್ದರು.

"ಹತ್ತು ದಿನದಿಂದ ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನೋಡ್ತಾ ಇದೀನಿ" ಎಂದರು ಕೊನೆಗೆ. "ಬರ್ತಾ ಇಲ್ಲ. ಅವ್ನ ಮೇಲೆ ಮಾಡ್ಕೊಂಡೇ ಸುಸ್ತಾಗಿದೆ ಕಣೆ. ಬೆಳಿಗ್ಗೆ ಎದ್ರೆ ಅವ್ನು, ಮಲಗಿದ್ರೆ ಅವ್ನು. ಅದ್ರಲ್ಲಿ ಇನ್ನೊಬ್ಬಳನ್ನ ಕೂರ್ಸೋಕೆ ನನ್ನ ಹತ್ರ ಜಾಗ ಇಲ್ಲ."

ತಪ್ಪಾಯಿತು ಎಂದೆ. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಮಾತು.

"ನಂಗೆ ಹೇಳ್ಬೇಡ. ಕಾಲು ನಂದಲ್ಲ. ಸ್ವಾತಿಗೆ ಹೇಳು. ನಾನು ಹೇಳಲ್ಲ, ನೀನೇ ಬಂದು ಹೇಳ್ಬೇಕು. ಭಾನುವಾರ ಅವ್ಳಿಗೆ ರಜೆ" ಎಂದರು. ಹೋಗುವಾಗ ಆರಿದ ದೋಸೆಯನ್ನು ಎಲೆಯಲ್ಲಿ ಕಟ್ಟಿಸಿಕೊಂಡರು, ಮಗಳಿಗೆ ಇಷ್ಟ ಎಂದು.

ನಾಳೆಯೇ ಭಾನುವಾರ. ಹೋಗುತ್ತೇನೆ. ನನಗೆ ಭಯವಿಲ್ಲ ಎಂದು ತಿಳಿಯಬೇಡಿ. ಅವಳು ಮುಖಕ್ಕೆ ಉಗಿದರೂ ನ್ಯಾಯವೇ. ನನಗೆ ಟೋಕನ್ ಕೊಟ್ಟ ಹುಡುಗಿ, ನಿಮ್ಮ ಕ್ಷೇಮ ಕೇಳಿದ ಹುಡುಗಿ. ಅವಳಿಗೆ ಗೊತ್ತಾದ ಮೇಲೆ ಲೈನಿಗೂ ಗೊತ್ತಾಗುತ್ತದೆ. ಆಗಲಿ. ಹಂಚಿಕೊಳ್ಳಬೇಕಾದ ಹೊರೆಯನ್ನು ನಿಮ್ಮೊಬ್ಬರ ತಲೆಯ ಮೇಲೆ ಇಟ್ಟು ನಾನು ದೂರ ನಿಂತದ್ದು ಸಾಕು.

ಬಾಲರಾಜ್ ಕೈಯಲ್ಲಿ ನೀವು ಕೇಳಿಸಿದ ಪ್ರಶ್ನೆಗೆ ಅದಕ್ಕೇ ಇಲ್ಲಿ ಉತ್ತರ ಬರೆಯುತ್ತಿಲ್ಲ. ನನ್ನೊಬ್ಬಳನ್ನು ಕೇಳುವ ಪ್ರಶ್ನೆಯಲ್ಲ ಅದು. ನನ್ನ ಮಟ್ಟಿಗೆ ಹೇಳುವುದಾದರೆ, ಕೋಣೆ ಚಿಕ್ಕದು. ಒಬ್ಬಳಿಗೆಂದು ಅಡುಗೆ ಮಾಡಿ ಮಾಡಿ ಬೇಸತ್ತಿದೆ. ನೀವು ಬಂದರೆ ನಾನು ಓಡಿ ಬಂದು ಕಾಲು ಹಿಡಿಯುವುದಿಲ್ಲ, ಅಷ್ಟು ಚೈತನ್ಯ ಉಳಿದಿಲ್ಲ. ಬಿಸಿ ನೀರು ಕಾಯಿಸಿ ಇಡುತ್ತೇನೆ. ಆಮೇಲೆ ಇಬ್ಬರೂ ಕೂತು, ಈ ಸಲ ಸುಮ್ಮನಿರದೆ, ಮಾತಾಡಬೇಕು.

ಊಟ ಸರಿಯಾಗಿ ಮಾಡಿ. ಮಿಲ್ಲಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ಹೆಂಡತಿ,
ಅರುಣಾ

ತಾ.ಕ.: ಕಾಗದವನ್ನು ಪೋಸ್ಟಿಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಸೋಮವಾರ, ಸೇರಿಸುತ್ತಿದ್ದೇನೆ. ನಿನ್ನೆ ಹೋಗಿ ಹೇಳಿದೆ, ನಂಜಮ್ಮನ ಎದುರೇ. ಸ್ವಾತಿ ಕಾಲು ಬಿಚ್ಚಿಟ್ಟು ಮಂಚದ ಮೇಲೆ ಕೂತಿದ್ದಳು. ನನ್ನ ಮಾತು ಅರ್ಧಕ್ಕೇ ತಡೆದು, "ನಂಗೆ ಗೊತ್ತು ಅರುಣಕ್ಕ. ನಾನು ಮೊದ್ಲೇ ಹಿಂದೆ ಹತ್ತಿ ಕ್ಯಾಬಿನ್ ಕಿಟಕಿಗೇ ಒರಗಿ ನಿಂತಿದ್ದೆ. ನೀವು ಹೇಳಿದ್ದೂ ಕೇಳಿಸ್ತು, ಹಾಲೇಶಣ್ಣ ಬೇಡ ಅಂದಿದ್ದೂ ಕೇಳಿಸ್ತು" ಎಂದಳು. ನಂಜಮ್ಮ ಗೋಡೆ ಹಿಡಿದುಕೊಂಡರು. ಮತ್ತೆ ಯಾಕೆ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. "ಹಿಂದೆ ಹತ್ತೊಂಬತ್ತು ಜನ ಇದ್ವಿ, ಒಬ್ರೂ ಇಳೀಲಿಲ್ಲ. ಶನಿವಾರ, ಬಟವಾಡೆ ದಿನ, ಎಲ್ಲರಿಗೂ ಬೇಗ ಮನೆ ಸೇರ್ಬೇಕಿತ್ತು. ಒತ್ತಿ ನಿಂತ್ಕೊಳ್ಳಿ ಅಂತ ಕೂಗಿದ್ದೇ ನಾನು" ಎಂದಳು. ಬಹಳ ಹೊತ್ತು ಮೂವರೂ ಅತ್ತೆವು, ಆಮೇಲೆ ಅವಳು ಕಾಲು ಕಟ್ಟಿಕೊಂಡು ಎದ್ದು ಚಹಾ ಇಟ್ಟಳು. ನಿಮ್ಮ ಪ್ರಶ್ನೆಯನ್ನು ಅವಳ ಮುಂದಿಟ್ಟೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಬರೋದಾದ್ರೆ ಹಗಲಲ್ಲೇ ಬರ್ಲಿ. ಎಸ್ಟೇಟ್ ಗೇಟಲ್ಲಿ ಬಸ್ ಇಳಿದು, ಎಲ್ಲರ ಮುಂದೆ ನಮ್ಮನೆ ತನಕ ನಡ್ಕೊಂಡು ಬರ್ಲಿ. ನಾನೇ ನಡೀತಿದೀನಿ, ಅವ್ರಿಗೇನಂತೆ?"